ಫಸಲು ಕೊಡು, ತೋಟ ಬರೆದುಕೊಡಬೇಡ

ಶಿರಸಿ
ಆಷಾಢ ಬಹುಳ

ಕೂಸೇ,

ಮಳೆ ಜಡಿ ಹಿಡಿದಿದೆ. ಅಡಿಕೆಯ ಕೊಳೆರೋಗಕ್ಕೆ ಎರಡನೇ ಮದ್ದು ಹೊಡೆಸಬೇಕು. ಮರ ಹತ್ತುವ ಕೊನೆಗೌಡ ಇಂದು ಬಂದೆ ನಾಳೆ ಬಂದೆ ಎನ್ನುತ್ತಾನೆ, ಅವನು ಬಂದ ದಿನ ಮಳೆ ಬಿಡುವುದಿಲ್ಲ. ಹಾಗಾಗಿ ಜಗಲಿಯಲ್ಲಿ ಕೂತು, ಹಾಡಿನ ಕಂಪನಿ ನಿನ್ನ ಸಹಿಗೆ ಕೊಟ್ಟ ಕರಾರುಪತ್ರ ಓದಲು ಬೇಕಾದಷ್ಟು ಪುರುಸೊತ್ತು ಸಿಕ್ಕಿತು. ಮೊಬೈಲಿನಲ್ಲಿ ಅಷ್ಟು ಸಣ್ಣ ಅಕ್ಷರ ನನಗೆ ಓದಲಾಗದೆಂದು ನಿನ್ನ ಅಪ್ಪಯ್ಯ ಯಲ್ಲಾಪುರದಲ್ಲಿ ಪ್ರಿಂಟು ತೆಗೆಸಿ, ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳಿಸಿದ. 14 ಪುಟ. ಅಷ್ಟು ಉದ್ದದ ಕ್ರಯಪತ್ರವನ್ನು ಶಿರಸಿ ಕೋರ್ಟಿನಲ್ಲಿ ವಕೀಲಿ ಮಾಡಿದಷ್ಟು ಕಾಲವೂ ನಾನು ಹೆಚ್ಚು ನೋಡಿದ್ದಿಲ್ಲ.

ನೀನು ಕೇಳಿದ್ದು ಒಂದೇ ಪ್ರಶ್ನೆ: ‘ದೊಡ್ಡಪ್ಪಾ, ದುಡ್ಡಿನ ಲೆಕ್ಕ ಸರಿ ಇದೆಯಾ?’ ಇನ್ನೊಂದು ವಿಷಯವನ್ನು ನೀನು ನನಗೆ ಹೇಳಲಿಲ್ಲ, ದೊಡ್ಡಾಯಿಗೆ ಹೇಳಿದೆ. ಕಂಪನಿಯ ಪರವಾಗಿ ನಿಮ್ಮ ಬ್ಯಾಂಡಿನ ವ್ಯವಹಾರ ನೋಡಿಕೊಳ್ಳುವ ಮನುಷ್ಯ ರಾತ್ರಿ ಹನ್ನೊಂದೂವರೆಯ ಮೇಲೆ ಮೆಸೇಜು ಮಾಡುವುದು, ಪ್ರಾಕ್ಟೀಸು ಮುಗಿದ ಮೇಲೆ ‘ನೀನೊಬ್ಬಳು ಉಳಿ, ಹಾಡಿನ ಬಗ್ಗೆ ಮಾತಾಡುವುದಿದೆ’ ಎನ್ನುವುದು, ಹೆಗಲ ಮೇಲಿಟ್ಟ ಕೈಯನ್ನು ಬೇಗ ತೆಗೆಯದೇ ಇರುವುದು. ದೊಡ್ಡಾಯಿ ನನ್ನಿಂದ ಮುಚ್ಚಿಡಲಿಲ್ಲ. ಬೇಸರ ಮಾಡಿಕೊಳ್ಳಬೇಡ. ಇಂಥ ಮಾತನ್ನು ದೊಡ್ಡಪ್ಪನಿಗಿಂತ ದೊಡ್ಡಾಯಿಗೆ ಹೇಳುವುದು ಸುಲಭ ಅಂತ ನನಗೂ ಗೊತ್ತು. ಆದರೆ ನೀನು ಇವೆರಡನ್ನೂ ಬೇರೆ ಬೇರೆ ವಿಷಯವೆಂದು ತಿಳಿದಿದ್ದೀಯ, ದುಡ್ಡಿನದು ಗಂಡಸರಿಗೆ, ಇನ್ನೊಂದು ಹೆಂಗಸರಿಗೆ ಎಂಬಂತೆ. ಕಾಗದ ಓದಿದ ಮೇಲೆ ನನಗೆ ಎರಡೂ ಒಂದೇ ಎನ್ನಿಸಿದೆ. ಅದನ್ನು ಬಿಡಿಸಿ ಹೇಳುವುದಕ್ಕೇ ಈ ಪತ್ರ. ಉದ್ದವಾಗುತ್ತದೆ. ಬಸ್ಸಿನಲ್ಲಿ ಕೂತಾಗ ಓದು.

ಮೊದಲೇ ಹೇಳಿಬಿಡುತ್ತೇನೆ, ರಾಕ್ ಸಂಗೀತ ನನ್ನ ಕಿವಿಯದ್ದಲ್ಲ. ನನಗೆ ಕೆರೆಮನೆ ಮೇಳದಲ್ಲಿ ನೆಬ್ಬೂರು ನಾರಾಯಣ ಭಾಗವತರ ಪದ ಕೇಳಿದ ಕಿವಿ. ನೀನೋ ಹಾಸಣಗಿ ಗಣಪತಿ ಭಟ್ಟರ ತಾಲೂಕಿನವಳು, ತಂಬೂರಿಯ ಜೊತೆ ಕೂತು ಕಲಿತವಳು. ಡ್ರಮ್ಮಿನ ಗಲಾಟೆಯ ನಡುವೆ ನೀನು ತಾರ ಷಡ್ಜದಲ್ಲಿ ಅಲ್ಲಾಡದೆ ನಿಲ್ಲುತ್ತೀಯಲ್ಲ, ಅದು ಎಲ್ಲಿಂದ ಬಂತೆಂದು ನನಗೆ ಗೊತ್ತಿದೆ. ಹಾಗಾಗಿ ‘ಅದೆಲ್ಲ ಬಿಟ್ಟು ಊರಿಗೆ ಬಾ’ ಎಂದು ಈ ಪತ್ರದಲ್ಲಿ ಎಲ್ಲೂ ಬರೆಯುವುದಿಲ್ಲ.

ಈಗ ಏಳನೇ ಕಲಮು ತೆಗೆ. ನೀನು ಬರೆದ, ರಾಗ ಹಾಕಿದ, ಹಾಡಿದ ಎಲ್ಲದರ ಹಕ್ಕನ್ನು ಇಡೀ ವಿಶ್ವದಲ್ಲಿ, ಶಾಶ್ವತವಾಗಿ, ಈಗಿರುವ ಮತ್ತು ಮುಂದೆ ಹುಟ್ಟಬಹುದಾದ ಎಲ್ಲ ಮಾಧ್ಯಮಗಳಲ್ಲಿ ಕಂಪನಿಗೆ ಬರೆದುಕೊಟ್ಟಿದ್ದೀಯ ಎಂದು ಅಲ್ಲಿದೆ. ನಾಳೆ ಮಂಗಳ ಗ್ರಹದಲ್ಲಿ ಯಾರಾದರೂ ನಿನ್ನ ಹಾಡು ಹಾಕಿದರೂ ದುಡ್ಡು ಅವರಿಗೇ ಹೋಗಲಿ ಅಂತ ಎಷ್ಟು ಮುಂದಾಲೋಚನೆ ನೋಡು. ನಮ್ಮ ಕಡೆ ಅಡಿಕೆ ತೋಟವನ್ನು ಫಸಲು ಗುತ್ತಿಗೆಗೆ ಕೊಡುವುದು ನಿನಗೆ ಗೊತ್ತಲ್ಲ. ವ್ಯಾಪಾರಿ ಬರುತ್ತಾನೆ, ಕೊನೆ ನೋಡುತ್ತಾನೆ, ಈ ವರ್ಷದ ಫಸಲಿಗೆ ಇಷ್ಟು ಎನ್ನುತ್ತಾನೆ. ಕೊಯ್ದುಕೊಂಡು ಹೋಗುತ್ತಾನೆ. ಮರ ನಮ್ಮದು, ಮಣ್ಣು ನಮ್ಮದು, ಮುಂದಿನ ವರ್ಷ ಬೇರೆಯವನಿಗೆ ಕೊಡಬಹುದು. ಒಂದು ವರ್ಷದ ಫಸಲಿನ ದುಡ್ಡಿಗೆ ತೋಟದ ಪಹಣಿಯಲ್ಲೇ ಹೆಸರು ಬದಲಾಯಿಸಿಕೊಡುವವನನ್ನು ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕು ಹುಡುಕಿದರೂ ನೀನು ಕಾಣಲಾರೆ. ಹಾಡಿನಲ್ಲಿ ಮಾತ್ರ ಇಪ್ಪತ್ತೆರಡು ವರ್ಷದ ಮಕ್ಕಳು ದಿನಾ ಅದನ್ನೇ ಮಾಡುತ್ತಾರೆ.

ಕಾನೂನು ನಿನ್ನ ಕಡೆಗೆ ಸಾಕಷ್ಟು ಇದೆ, ಅದನ್ನು ಕಾಗದದಲ್ಲಿ ಉಪಾಯವಾಗಿ ಕಿತ್ತುಹಾಕುತ್ತಾರೆ ಅಷ್ಟೆ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನ ಪ್ರಕಾರ ಹಕ್ಕು ಬರೆದುಕೊಡುವ ಪತ್ರದಲ್ಲಿ ಎಷ್ಟು ವರ್ಷಕ್ಕೆ ಎಂದು ಹೇಳದಿದ್ದರೆ ಅದು ಐದು ವರ್ಷಕ್ಕೆ ಮಾತ್ರ. ಯಾವ ಪ್ರದೇಶಕ್ಕೆ ಎಂದು ಹೇಳದಿದ್ದರೆ ಭಾರತಕ್ಕೆ ಮಾತ್ರ. ಹಕ್ಕು ತೆಗೆದುಕೊಂಡವರು ಒಂದು ವರ್ಷದೊಳಗೆ ಅದನ್ನು ಬಳಸದೆ ಮೂಲೆಗೆ ಹಾಕಿದರೆ, ಪತ್ರದಲ್ಲಿ ಬೇರೆ ರೀತಿ ಬರೆದಿಲ್ಲದ ಪಕ್ಷದಲ್ಲಿ, ಆ ಹಕ್ಕು ಬಿದ್ದುಹೋಗುತ್ತದೆ. ನಿನ್ನ ಕಾಗದದ ಒಂಬತ್ತನೇ ಪುಟದ ಕೊನೆಯ ಸಾಲು ನೋಡು: 19ರ 4ನೇ ಉಪಕಲಮು ಈ ಕರಾರಿಗೆ ಅನ್ವಯಿಸುವುದಿಲ್ಲ. ಒಂದೇ ಸಾಲು. ಅರ್ಥವೇನೆಂದರೆ ನಿನ್ನ ಹಾಡನ್ನು ಹತ್ತು ವರ್ಷ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರೂ ನೀನು ಕೇಳುವಂತಿಲ್ಲ. ಅದನ್ನು ಮೊದಲು ಹೊಡೆದು ಹಾಕಿಸು.

2012ರಲ್ಲಿ ಬಂದ ತಿದ್ದುಪಡಿ ಇನ್ನೂ ದೊಡ್ಡದು. ರಾಜ್ಯಸಭೆಯಲ್ಲಿ ಜಾವೇದ್ ಅಖ್ತರ್ ಅದಕ್ಕಾಗಿ ಬಹಳ ಹೋರಾಡಿದರು. ಹಾಡು ಬರೆದವರು, ರಾಗ ಹಾಕಿದವರು ತಮ್ಮ ರಾಯಲ್ಟಿಯ ಪಾಲನ್ನು ‘ಬೇಡ, ಬಿಟ್ಟುಕೊಟ್ಟಿದ್ದೇನೆ’ ಎಂದು ಬರೆದುಕೊಟ್ಟರೂ ಅದು ಈಗ ಊರ್ಜಿತವಲ್ಲ. ಹಾಡಿದವರಿಗೂ ಪ್ರದರ್ಶಕರ ಹಕ್ಕಿದೆ, 50 ವರ್ಷ. ಬರೆಯುವವರಿಗೂ ರಾಗ ಹಾಕುವವರಿಗೂ ಐಪಿಆರ್‌ಎಸ್ ಸಂಘವಿದೆ, ಹಾಡುವವರಿಗೆ ಇಸಮ್ರಾ (ಹಿಂದಿನ ಇಸ್ರಾ) ಇದೆ. ನೀನು ಎರಡು ಕೆಲಸವನ್ನೂ ಮಾಡುವವಳು, ಎರಡಕ್ಕೂ ಸದಸ್ಯೆಯಾಗು. 1923ರಲ್ಲಿ ಶಿರಸಿಯಲ್ಲಿ ತೋಟಗಾರರು ಸೇರಿ ಮಾರಾಟದ ಸೊಸೈಟಿ ಕಟ್ಟಿಕೊಂಡರಲ್ಲ, ಒಬ್ಬೊಬ್ಬರೇ ದಲಾಲರ ಮುಂದೆ ನಿಂತರೆ ತಕ್ಕಡಿಯೂ ಅವರದ್ದು, ದರವೂ ಅವರದ್ದು ಅಂತ ಗೊತ್ತಾದ ಮೇಲೆಯೇ. ಹಾಡುವವರಿಗೆ ಆ ಬುದ್ಧಿ ಬರಲು ಇನ್ನಷ್ಟು ಕಾಲ ಹಿಡಿಯಿತು.

ಬರೆದುಕೊಟ್ಟವರ ಪಾಡೇನಾಯಿತು ಅಂತ ನಿನಗೆ ನಿನ್ನ ಸಂಗೀತದವರದ್ದೇ ಕಥೆ ಹೇಳುತ್ತೇನೆ. ಅಮೆರಿಕದ ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್ ಬ್ಯಾಂಡಿನ ಜಾನ್ ಫೋಗರ್ಟಿ ನಿನಗೆ ಗೊತ್ತಿರಬೇಕು. 1960ರ ದಶಕದಲ್ಲಿ ಫ್ಯಾಂಟಸಿ ಎಂಬ ಕಂಪನಿಗೆ ಸಹಿ ಹಾಕಿ, ಆಮೇಲೆ ಬಿಡಿಸಿಕೊಳ್ಳಲು ತನ್ನ ಹಾಡುಗಳ ರಾಯಲ್ಟಿಯನ್ನೇ ಬಿಟ್ಟುಕೊಟ್ಟ. ತಾನೇ ಬರೆದ ಹಾಡನ್ನು ವರ್ಷಗಟ್ಟಲೆ ವೇದಿಕೆಯಲ್ಲಿ ಹಾಡಲಿಲ್ಲ, ಹಾಡಿದರೆ ದುಡ್ಡು ಅವರಿಗೆ ಹೋಗುತ್ತದಲ್ಲ ಎಂಬ ಸಿಟ್ಟಿಗೆ. 1985ರಲ್ಲಿ ಬೇರೆ ಕಂಪನಿಯಿಂದ ಹೊಸ ಹಾಡು ತಂದ, ಅದು ಗೆದ್ದಿತು. ಹಳೆಯ ಕಂಪನಿ ದಾವೆ ಹೂಡಿತು: ಈ ಹೊಸ ಹಾಡು ನಮ್ಮ ಬಳಿಯಿರುವ ಹಳೆಯ ಹಾಡಿನ ನಕಲು! ಹಳೆಯದನ್ನು ಬರೆದವನೂ ಅವನೇ, ಮಾರಾಯ್ತಿ. ತನ್ನನ್ನೇ ತಾನು ಕದ್ದ ಆರೋಪ. ಅವನು ಸಾಕ್ಷಿಕಟ್ಟೆಯಲ್ಲಿ ಗಿಟಾರು ಹಿಡಿದು ಕೂತು, ಎರಡೂ ಹಾಡು ನುಡಿಸಿ, ನನ್ನ ಕೈ ಓಡುವುದೇ ಹೀಗೆ ಎಂದು ತೋರಿಸಬೇಕಾಯಿತು. 1988ರಲ್ಲಿ ಗೆದ್ದ. ವಕೀಲರ ಖರ್ಚಿನ ತಕರಾರು ಅಮೆರಿಕದ ಸುಪ್ರೀಂ ಕೋರ್ಟಿನ ತನಕ ಹೋಗಿ 1994ರಲ್ಲಿ ತೀರ್ಪಾಯಿತು. ಹಾಡುಗಳ ಪ್ರಕಾಶನ ಹಕ್ಕಿನ ಬಹುಪಾಲನ್ನು ಅವನು ವಾಪಸು ಕೊಂಡುಕೊಂಡದ್ದು 2023ರಲ್ಲಿ, ಎಪ್ಪತ್ತೇಳನೇ ವಯಸ್ಸಿನಲ್ಲಿ.

ಹತ್ತಿರದ್ದೇ ಬೇಕಾದರೆ ‘ಕಾಂತಾರ’. 2022ರ ಸೆಪ್ಟೆಂಬರ್ 30ಕ್ಕೆ ಸಿನಿಮಾ ಬಂತು. ‘ವರಾಹ ರೂಪಂ’ ಹಾಡು ತಮ್ಮ ‘ನವರಸಂ’ನಿಂದ ಬಂದದ್ದು ಎಂದು ಕೇರಳದ ರಾಕ್ ಬ್ಯಾಂಡ್ ತೈಕ್ಕುಡಂ ಬ್ರಿಡ್ಜ್ ಕೋಯಿಕ್ಕೋಡ್ ಕೋರ್ಟಿಗೆ ಹೋಯಿತು. ರಾಗ ಒಂದೇ ಆದ್ದರಿಂದ ಹೋಲಿಕೆ ಕಾಣುತ್ತದೆ, ನಕಲು ಮಾಡಿಲ್ಲ ಎಂದು ಸಿನಿಮಾದವರು ಹೇಳಿದರು. ತಡೆಯಾಜ್ಞೆ ಬಂತು. ಓಟಿಟಿಗೆ ಬಂದಾಗ ಆ ಜಾಗದಲ್ಲಿ ಬೇರೆ ಧಾಟಿ ಇತ್ತು, ನಮ್ಮೂರ ಹುಡುಗರೆಲ್ಲ ಬೈದುಕೊಂಡು ನೋಡಿದರು. ಆಮೇಲೆ ಜಿಲ್ಲಾ ಕೋರ್ಟು ತನಗೆ ಅಧಿಕಾರವ್ಯಾಪ್ತಿ ಇಲ್ಲವೆಂದಿತು, ಹೈಕೋರ್ಟು, ಸುಪ್ರೀಂ ಕೋರ್ಟು ಎಂದು ಓಡಾಟವಾಯಿತು. ಯಾರು ಸರಿ ಎಂದು ನಾನು ಹೇಳಲು ಹೋಗುವುದಿಲ್ಲ. ನೀನು ಗಮನಿಸಬೇಕಾದ್ದು ಬೇರೆ. ‘ನವರಸಂ’ನ ಕೃತಿಸ್ವಾಮ್ಯ ಇದ್ದದ್ದು ಮಾತೃಭೂಮಿ ಸಂಸ್ಥೆಯ ಬಳಿ, ಆ ಸಂಸ್ಥೆ ಪಾಲಕ್ಕಾಡಿನಲ್ಲಿ ಬೇರೆಯೇ ದಾವೆ ಹೂಡಿತು. ಹಾಡು ಹುಟ್ಟಿಸಿದವರು ಒಬ್ಬರು, ಕಾಗದದಲ್ಲಿ ಒಡೆಯರು ಇನ್ನೊಬ್ಬರು. ತಕರಾರು ಬಂದ ದಿನ ಮೊದಲು ಕೇಳುವ ಪ್ರಶ್ನೆ ‘ಯಾರು ಹಾಡಿದ್ದು’ ಅಂತಲ್ಲ, ‘ಯಾರ ಹೆಸರಿನಲ್ಲಿದೆ’ ಅಂತ.

ಮುಂಗಡದ ಕಥೆಯೂ ಇದೆ. ಒಂದೂವರೆ ಲಕ್ಷ ಕೊಡುತ್ತಾರೆಂದು ನಿನ್ನ ಆಯಿ ಸಂಭ್ರಮದಲ್ಲಿದ್ದಾಳೆ. ಆ ದುಡ್ಡು ನಿನ್ನ ಪಾಲಿನಿಂದ ಮುರಿದುಕೊಳ್ಳುವಂಥದ್ದು. ಅದರ ಜೊತೆಗೆ ಸ್ಟುಡಿಯೊ ಬಾಡಿಗೆ, ವಿಡಿಯೊ ಖರ್ಚು, ಹೋಟೆಲು, ಪ್ರಚಾರ ಎಲ್ಲವನ್ನೂ ನಿನ್ನ ಲೆಕ್ಕಕ್ಕೇ ಬರೆಯಬಹುದೆಂದು ಐದನೇ ಕಲಮು ಹೇಳುತ್ತದೆ. ಎಲ್ಲ ತೀರುವ ತನಕ ನಿನ್ನ ಕೈಗೆ ಒಂದು ಕಾಸು ಬರುವುದಿಲ್ಲ. ಎಷ್ಟು ತೀರಿತು ಎಂದು ನೋಡಲು ಲೆಕ್ಕಪುಸ್ತಕ ತೋರಿಸುತ್ತೇವೆ ಎಂದು ಎಲ್ಲೂ ಬರೆದಿಲ್ಲ. ಯಕ್ಷಗಾನ ಮೇಳದವರು ಮಳೆಗಾಲದಲ್ಲಿ ಕೈ ಖಾಲಿಯಾದಾಗ ಯಜಮಾನರ ಹತ್ತಿರ ಮುಂಗಡ ತೆಗೆದುಕೊಂಡು, ಮುಂದಿನ ತಿರುಗಾಟ ಮುಗಿಯುವ ತನಕ ಬೇರೆ ಮೇಳದ ಕಡೆ ತಲೆಯೆತ್ತಿ ನೋಡಲಾಗದೆ ಇದ್ದದ್ದನ್ನು ನಾನು ಕಂಡಿದ್ದೇನೆ. ಕಾಗದವೂ ಇರಲಿಲ್ಲ, ಬಾಯಿಮಾತು. ಆದರೂ ಆ ಋಣ ಕಟ್ಟಿಹಾಕುತ್ತಿತ್ತು.

ಇನ್ನು ಹತ್ತನೇ ಕಲಮು. ಮೂರು ವರ್ಷ ನೀನು ಬೇರೆಲ್ಲೂ ಹಾಡುವಂತಿಲ್ಲ, ಕಂಪನಿ ಬಯಸಿದರೆ ಇನ್ನೆರಡು ವರ್ಷ, ಬಿಟ್ಟುಹೋದ ಮೇಲೂ ಒಂದು ವರ್ಷ. ಬನವಾಸಿಯ ಕದಂಬೋತ್ಸವದಲ್ಲಿ ಕರೆದರೂ ಅವರನ್ನು ಕೇಳಬೇಕು. ಇದರಲ್ಲಿ ಕೊನೆಯದಕ್ಕೆ ಹೆದರಬೇಡ. ಕರಾರು ಮುಗಿದ ಮೇಲೂ ಕಟ್ಟಿಹಾಕುವ ಷರತ್ತು ನಮ್ಮ 1872ರ ಕರಾರು ಕಾಯ್ದೆಯ 27ನೇ ಕಲಮಿನಲ್ಲಿ ನಿಲ್ಲುವುದಿಲ್ಲ. ಕ್ರಿಕೆಟ್ಟಿನ ಜಹೀರ್ ಖಾನ್ ಮೇಲೆ ಅವರ ಹಳೆಯ ಏಜೆಂಟ್ ಕಂಪನಿ ಇಂಥದ್ದೇ ಷರತ್ತು ಹಿಡಿದು ಹೋದಾಗ 2006ರಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಆದರೆ ಕರಾರು ನಡೆಯುವ ಕಾಲದ ಷರತ್ತು ಬೇರೆ ಮಾತು. 1852ರಲ್ಲಿ ಲಂಡನ್ನಿನಲ್ಲಿ ಯೋಹಾನಾ ವಾಗ್ನರ್ ಎಂಬ ಗಾಯಕಿ ಒಬ್ಬ ನಾಟಕಶಾಲೆಯವನಿಗೆ ಒಪ್ಪಿಕೊಂಡು, ಹೆಚ್ಚು ಹಣಕ್ಕೆ ಇನ್ನೊಬ್ಬನ ಕಡೆ ಹೋದಾಗ ಕೋರ್ಟು ಹೇಳಿದ್ದು ಇಷ್ಟು: ಇವಳನ್ನು ಇಲ್ಲಿ ಹಾಡಿಸಲು ನಮ್ಮಿಂದಾಗದು, ಅಲ್ಲಿ ಹಾಡದಂತೆ ತಡೆಯಬಲ್ಲೆವು. ನಾವು ಕಾನೂನು ಓದುವಾಗ ಈ ಮೊಕದ್ದಮೆಯನ್ನು ಉರು ಹೊಡೆಯುತ್ತಿದ್ದೆವು. ತಮಾಷೆಯಾಗಿ ಕಾಣುತ್ತಿತ್ತು. ಹಾಡುವವಳನ್ನು ಸುಮ್ಮನೆ ಕೂರಿಸುವುದೆಂದರೆ ಏನೆಂದು ಆಗ ಯೋಚಿಸಿದವರಿರಲಿಲ್ಲ.

ಈಗ ಎರಡೂ ವಿಷಯವನ್ನು ಕೂಡಿಸಿ ನೋಡು. ಅಮೆರಿಕದ ಕೆಶಾ ಎಂಬ ಗಾಯಕಿ 2005ರಲ್ಲಿ, ಹದಿನೆಂಟರ ವಯಸ್ಸಿನಲ್ಲಿ, ಡಾಕ್ಟರ್ ಲ್ಯೂಕ್ ಎಂಬ ನಿರ್ಮಾಪಕನ ಕಂಪನಿಗೆ ಸಹಿ ಹಾಕಿದಳು. 2014ರ ಅಕ್ಟೋಬರಿನಲ್ಲಿ ಅವನ ಮೇಲೆ ಲೈಂಗಿಕ ದೌರ್ಜನ್ಯದ ಆರೋಪ ಮಾಡಿ, ಕರಾರಿನಿಂದ ಬಿಡಿಸಿ ಎಂದು ಕೋರ್ಟಿಗೆ ಹೋದಳು. ಅವನು ಎಲ್ಲವನ್ನೂ ಅಲ್ಲಗಳೆದು, ಮಾನಹಾನಿಯ ದಾವೆ ಹೂಡಿದ. 2016ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ನ್ಯಾಯಾಧೀಶೆ ಕರಾರಿನಿಂದ ತಾತ್ಕಾಲಿಕ ಬಿಡುಗಡೆ ಕೊಡಲೂ ಒಪ್ಪಲಿಲ್ಲ. ಕೊನೆಗೆ ರಾಜಿಯಾದದ್ದು 2023ರ ಜೂನಿನಲ್ಲಿ. ಆರೋಪ ನಿಜವೋ ಸುಳ್ಳೋ ಎಂದು ಯಾವ ಕೋರ್ಟೂ ತೀರ್ಮಾನಿಸಲಿಲ್ಲ. ಆದರೆ ಅಷ್ಟು ವರ್ಷ ಅವಳು ಯಾರ ಮೇಲೆ ಆರೋಪ ಮಾಡಿದಳೋ ಅವನ ಕಂಪನಿಯ ಹೆಸರಿನಲ್ಲೇ ಹಾಡಬೇಕಾಯಿತು. ಬೇರೆ ಕಡೆ ಹೋಗುವ ದಾರಿ ಕಾಗದದಲ್ಲಿ ಇರಲಿಲ್ಲ.

ನಿನ್ನ ಹೆಗಲ ಮೇಲೆ ಕೈಯಿಟ್ಟವನಿಗೆ ಹತ್ತನೇ ಕಲಮು ಗೊತ್ತಿದೆ, ಕೂಸೇ. ಐದನೆಯದೂ ಗೊತ್ತಿದೆ. ಸಹಿ ಹಾಕಿದ ಮೇಲೆ ನೀನು ಎದ್ದು ಹೋಗಲಾರೆ ಎಂಬ ಧೈರ್ಯ ಅವನಿಗೆ ಅಲ್ಲಿಂದ ಬರುತ್ತದೆ. ಹನ್ನೊಂದನೇ ಕಲಮು ಇನ್ನೂ ಚೆಂದ: ಕಂಪನಿಯ ಅಥವಾ ಅದರ ಪ್ರತಿನಿಧಿಗಳ ಹೆಸರಿಗೆ ಧಕ್ಕೆ ತರುವ ಯಾವ ಮಾತನ್ನೂ ಎಲ್ಲೂ ಆಡಕೂಡದು, ಆಡಿದರೆ ಹತ್ತು ಲಕ್ಷ ದಂಡ. ಈ ಪ್ರತಿನಿಧಿ ಎಂದರೆ ಯಾರು? ರಾತ್ರಿ ಮೆಸೇಜು ಮಾಡುವವನೇ. ಅಪರಾಧದ ದೂರು ಕೊಡದಂತೆ ಬಾಯಿ ಕಟ್ಟುವ ಯಾವ ಕರಾರೂ ಕಾನೂನಿನಲ್ಲಿ ನಿಲ್ಲುವುದಿಲ್ಲ, ಕರಾರು ಕಾಯ್ದೆಯ 23ನೇ ಕಲಮು ಅದನ್ನು ಅನೂರ್ಜಿತ ಮಾಡುತ್ತದೆ. ದಂಡ ಎಷ್ಟೇ ಬರೆದಿದ್ದರೂ ಕೋರ್ಟು ಕೊಡಿಸುವುದು ನ್ಯಾಯವಾದ ಪರಿಹಾರ ಮಾತ್ರ. ಇದು ನನಗೆ ಗೊತ್ತು. ಆದರೆ ರಾತ್ರಿ ಹನ್ನೆರಡಕ್ಕೆ ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಕೂತ ಹುಡುಗಿಗೆ ಆ ಹತ್ತು ಲಕ್ಷ ಮಾತ್ರ ಕಾಣುತ್ತದೆ. ಆ ಸಾಲು ಬರೆದವನಿಗೂ ಅಷ್ಟೇ ಸಾಕು.

ಇದು ಅಮೆರಿಕದ ಮಾತು ಎನ್ನಬೇಡ. 2018ರ ಅಕ್ಟೋಬರಿನಲ್ಲಿ ಗಾಯಕಿ ಚಿನ್ಮಯಿ ಶ್ರೀಪಾದ ತಮಿಳಿನ ಕವಿ ವೈರಮುತ್ತು ಅವರ ಮೇಲೆ ಆರೋಪ ಮಾಡಿದರು, ಅವರು ಅಲ್ಲಗಳೆದರು. ಮುಂದಿನ ತಿಂಗಳು ಡಬ್ಬಿಂಗ್ ಕಲಾವಿದರ ಸಂಘ ಚಿನ್ಮಯಿಯನ್ನು ಹೊರಹಾಕಿತು. ಕೊಟ್ಟ ಕಾರಣ: ಸದಸ್ಯತ್ವದ ಚಂದಾ ಬಾಕಿ! ಆರೋಪಕ್ಕೆ ಉತ್ತರ ಆರೋಪದ ಮೇಲೇ ಬರುವುದಿಲ್ಲ, ಚಂದಾ, ಕರಾರು, ಕಲಮು ಇಂಥ ಹಿಂಬಾಗಿಲಿನಿಂದ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಅದೇ ತಿಂಗಳುಗಳಲ್ಲಿ ಕನ್ನಡದ ಜನಪದ ಹಾಡಿಗೆ ರಾಕ್ ಬೆರೆಸಿ ಹೆಸರು ಮಾಡಿದ ರಘು ದೀಕ್ಷಿತ್ ಮೇಲೆ, ಹೆಸರು ಬಹಿರಂಗಪಡಿಸದ ಗಾಯಕಿಯೊಬ್ಬರು ಮಾಡಿದ ಆರೋಪವನ್ನು ಚಿನ್ಮಯಿ ಪ್ರಕಟಿಸಿದಾಗ, ರಘು ಸಾರ್ವಜನಿಕವಾಗಿ ಕ್ಷಮೆ ಕೇಳಿದರು. ನೀನು ಚಿಕ್ಕವಳಿದ್ದಾಗ ಅವರ ಹಾಡು ಹಚ್ಚಿ ಕುಣಿಯುತ್ತಿದ್ದೆ, ನಿನಗೆ ಎಷ್ಟು ಬೇಜಾರಾಗಿರಬಹುದು ಎಂದು ಆಗ ಅಂದುಕೊಂಡಿದ್ದೆ.

ನಟಿ ಶ್ರುತಿ ಹರಿಹರನ್ ಪ್ರಕರಣವೂ 2018ರ ಅಕ್ಟೋಬರಿನದೇ. ನಟ ಅರ್ಜುನ್ ಸರ್ಜಾ ಮೇಲೆ ಆರೋಪ, ಅವರ ನಿರಾಕರಣೆ, 5 ಕೋಟಿಯ ಮಾನನಷ್ಟ ದಾವೆ, ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ ಅಂಬರೀಷ್ ಅವರ ರಾಜಿ ಪ್ರಯತ್ನ, ಅದು ಮುರಿದು ಕಬ್ಬನ್ ಪಾರ್ಕ್ ಠಾಣೆಯಲ್ಲಿ ದೂರು. 2021ರಲ್ಲಿ ಸಾಕ್ಷ್ಯ ಸಾಲದೆಂದು ಪೊಲೀಸರು ಬಿ ರಿಪೋರ್ಟ್ ಹಾಕಿದರು. ಸಾಕ್ಷ್ಯ ಸಾಲದು ಎಂದರೆ ದೂರು ಸುಳ್ಳೆಂದು ಅರ್ಥವಲ್ಲ, ಆರೋಪಿ ತಪ್ಪಿತಸ್ಥ ಎಂದೂ ಅಲ್ಲ. ವಕೀಲನಾಗಿ ಇದನ್ನು ಹೇಳಲೇಬೇಕು. ನಿನ್ನ ಬ್ಯಾಂಡಿನ ಹುಡುಗರಿಗೂ ಹೇಳು, ಅವರೂ ನಮ್ಮ ಮನೆ ಮಕ್ಕಳ ಹಾಗೇ. ಎಲ್ಲರನ್ನೂ ಅನುಮಾನದಿಂದ ನೋಡುವುದು ಬದುಕುವ ರೀತಿಯಲ್ಲ.

ಕೇರಳದಲ್ಲಿ ಸಿನಿಮಾರಂಗದ ಹೆಂಗಸರ ಸ್ಥಿತಿಗತಿ ಕುರಿತ ನ್ಯಾಯಮೂರ್ತಿ ಹೇಮಾ ಸಮಿತಿಯ ವರದಿ 2024ರ ಆಗಸ್ಟ್ 19ಕ್ಕೆ ಹೊರಬಿತ್ತು. ಪತ್ರಿಕೆಗಳು ಕಿರುಕುಳದ ಭಾಗವನ್ನಷ್ಟೇ ದೊಡ್ಡದಾಗಿ ಹಾಕಿದವು. ಸಿನಿಮಾದಲ್ಲಿ ದುಡಿಯುವ ಹೆಂಗಸರಿಗೆ ಲಿಖಿತ ಕರಾರೇ ಇಲ್ಲದಿರುವುದನ್ನೂ ಆ ವರದಿ ಎತ್ತಿ ಹೇಳಿತ್ತು, ಅದನ್ನು ಹೆಚ್ಚು ಜನ ಓದಲಿಲ್ಲ. ಕಾಗದವಿಲ್ಲದವಳಿಗೆ ದುಡ್ಡು ಕೇಳುವ ದಾರಿಯಿಲ್ಲ, ಕೆಟ್ಟ ಕಾಗದಕ್ಕೆ ಸಹಿ ಹಾಕಿದವಳಿಗೆ ಎದ್ದು ಹೋಗುವ ದಾರಿಯಿಲ್ಲ. ಅದಾದ ಮುಂದಿನ ತಿಂಗಳು ಬೆಂಗಳೂರಿನಲ್ಲಿ ಚಿತ್ರರಂಗದ ‘ಫೈರ್’ ಸಂಸ್ಥೆಯವರು ಇಲ್ಲಿಯೂ ನಿವೃತ್ತ ನ್ಯಾಯಾಧೀಶರ ಸಮಿತಿ ಬೇಕೆಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರಿಗೆ ಮನವಿ ಕೊಟ್ಟರು. ಬ್ಯಾಂಡಿನವರ ಬಗ್ಗೆ, ಜಾತ್ರೆಯ ಆರ್ಕೆಸ್ಟ್ರಾದಲ್ಲಿ ಹಾಡುವ ಹುಡುಗಿಯರ ಬಗ್ಗೆ ಯಾರಿಗೂ ಅಷ್ಟು ನೆನಪಾಗುವುದಿಲ್ಲ. ಮಾರಿಕಾಂಬಾ ಜಾತ್ರೆಗೆ ಬರುವ ತಂಡಗಳಲ್ಲಿ ರಾತ್ರಿ ಎರಡು ಗಂಟೆಗೆ ಹಾಡು ಮುಗಿಸಿದ ಹುಡುಗಿ ಎಲ್ಲಿ ಮಲಗುತ್ತಾಳೆ ಎಂದು ಯಾವ ಸಂಘಟಕ ಕೇಳುತ್ತಾನೆ?

ಇನ್ನು ಆ ಮನುಷ್ಯನ ವಿಷಯ. ಮೊದಲನೆಯದು, ಮೆಸೇಜುಗಳನ್ನು ಅಳಿಸಬೇಡ. ಅಸಹ್ಯವಾಗುತ್ತದೆ, ನೋಡುವುದು ಬೇಡವೆನಿಸುತ್ತದೆ, ಆದರೂ ಇಟ್ಟುಕೋ, ದೊಡ್ಡಾಯಿಯ ಫೋನಿಗೂ ಒಂದು ಪ್ರತಿ ಕಳಿಸು. ಯಾವ ದಿನ, ಎಲ್ಲಿ, ಯಾರು ಇದ್ದರು ಎಂದು ಒಂದು ನೋಟ್‌ಬುಕ್ಕಿನಲ್ಲಿ ಆಯಾ ದಿನವೇ ಬರೆ. ನ್ಯಾಯಾಧೀಶರು ನಂಬುವುದು ಇಂಥದ್ದನ್ನು. ಐದು ವರ್ಷದ ನಂತರ ನೆನಪಿಸಿಕೊಂಡು ಹೇಳಿದ್ದು ಎಷ್ಟು ನಿಜವಾದರೂ ಎದುರು ವಕೀಲ ಅದನ್ನು ಚಿಂದಿ ಮಾಡುತ್ತಾನೆ. ನಾನೇ ಮಾಡಿದ ಪಾಟೀಸವಾಲಿನ ಅನುಭವದಿಂದ ಹೇಳುತ್ತಿದ್ದೇನೆ.

2013ರ ಕಾಯ್ದೆ ಕೆಲಸದ ಜಾಗದ ಲೈಂಗಿಕ ಕಿರುಕುಳಕ್ಕೆ ಸಂಬಂಧಿಸಿದ್ದು, ಅದು ಕಚೇರಿಯ ನೌಕರಿಗೆ ಮಾತ್ರ ಎಂದು ನೀನು ತಿಳಿದಿರಬಹುದು. ಅಲ್ಲ. ಸಂಬಳಕ್ಕಿದ್ದರೂ, ಗುತ್ತಿಗೆಗಿದ್ದರೂ, ಬಿಟ್ಟಿಯಾಗಿ ಹಾಡಿದರೂ ಅನ್ವಯ. ಸ್ಟುಡಿಯೊ, ಕಾರ್ಯಕ್ರಮಕ್ಕೆ ಹೋಗುವ ಗಾಡಿ ಕೂಡ ಕೆಲಸದ ಜಾಗವೇ. ಹತ್ತು ಜನಕ್ಕಿಂತ ಕಡಿಮೆ ಇರುವ ಕಡೆ ಆಂತರಿಕ ಸಮಿತಿ ಇರುವುದಿಲ್ಲ, ಅಂಥವರಿಗೆಂದೇ ಪ್ರತಿ ಜಿಲ್ಲೆಯಲ್ಲಿ ಸ್ಥಳೀಯ ಸಮಿತಿ ಇರಬೇಕು. ನೀನು ಬೆಂಗಳೂರಿನಲ್ಲಿರುವುದರಿಂದ ಅಲ್ಲಿಯದು. ಘಟನೆಯಾದ ಮೂರು ತಿಂಗಳೊಳಗೆ ದೂರು ಕೊಡಬೇಕು, ಕಾರಣವಿದ್ದರೆ ಇನ್ನೂ ಮೂರು ತಿಂಗಳು ಕೊಡುತ್ತಾರೆ. ನಿನ್ನ ಹೆಸರನ್ನು ಪತ್ರಿಕೆಗೆ ಕೊಡುವಂತಿಲ್ಲ. ಸಾಬೀತು ಮಾಡಲಾಗಲಿಲ್ಲ ಎಂಬ ಒಂದೇ ಕಾರಣಕ್ಕೆ ನಿನ್ನ ಮೇಲೆ ಕ್ರಮ ತೆಗೆದುಕೊಳ್ಳುವಂತಿಲ್ಲ. ಪೊಲೀಸು ದೂರು ಬೇಕೆಂದರೆ ಭಾರತೀಯ ನ್ಯಾಯ ಸಂಹಿತೆಯ 75ನೇ ಕಲಮು ಇದೆ. ವಕೀಲರ ಫೀಸಿನ ಚಿಂತೆ ಬೇಡ, ಹೆಂಗಸರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ಸಮಿತಿಗೆ ದೂರು ಕೊಡುವ ಅವಧಿ ಮೀರಿದರೂ ಮಾತಾಡುವ ಹಕ್ಕು ಸಾಯುವುದಿಲ್ಲ. ತನ್ನ ಮೇಲೆ ಕಿರುಕುಳದ ಆರೋಪ ಮಾಡಿದ ಪತ್ರಕರ್ತೆ ಪ್ರಿಯಾ ರಮಣಿ ಮೇಲೆ ಮಾಜಿ ಮಂತ್ರಿ ಎಂ.ಜೆ. ಅಕ್ಬರ್ ಹಾಕಿದ ಮಾನಹಾನಿ ಮೊಕದ್ದಮೆಯಲ್ಲಿ 2021ರ ಫೆಬ್ರವರಿ 17ರಂದು ದಿಲ್ಲಿಯ ಕೋರ್ಟು, ದಶಕಗಳ ನಂತರವೂ ಹೆಣ್ಣು ತನಗಾದದ್ದನ್ನು ಹೇಳಬಹುದೆಂದು ಹೇಳಿ ಪ್ರಿಯಾ ಅವರನ್ನು ಖುಲಾಸೆ ಮಾಡಿತು.

ದೂರು ಕೊಡಬೇಕೋ ಬೇಡವೋ ಎಂಬುದು ನಿನ್ನ ತೀರ್ಮಾನ. ನಾನು ಒತ್ತಾಯಿಸುವುದಿಲ್ಲ, ನಿನ್ನ ಅಪ್ಪಯ್ಯನಿಗೂ ಒತ್ತಾಯಿಸಲು ಬಿಡುವುದಿಲ್ಲ. ಅವನಿಗೆ ವಿಷಯ ಗೊತ್ತಾದ ಕೂಡಲೆ ಹುಬ್ಬಳ್ಳಿ ಬಸ್ಸು ಹತ್ತಿ ಬಂದು ನಿನ್ನನ್ನು ಕರಕೊಂಡು ಹೋಗುತ್ತೇನೆ ಎನ್ನುತ್ತಾನೆ ಎಂಬ ಹೆದರಿಕೆಗೇ ನೀನು ಬಾಯಿ ಬಿಡಲಿಲ್ಲ, ಹೌದೋ ಅಲ್ಲವೋ? ನಮ್ಮ ಸೀಮೆಯ ಮನೆಗಳ ರೋಗವೇ ಇದು. ತಪ್ಪು ಮಾಡಿದವನು ಬೆಂಗಳೂರಿನಲ್ಲಿ ಆರಾಮಾಗಿ ಇರುತ್ತಾನೆ, ಕಲಿತ ವಿದ್ಯೆ ಬಿಟ್ಟು ಊರಿಗೆ ಬರಬೇಕಾದ್ದು ಹುಡುಗಿ. ಮಕ್ಕಳು ಮನೆಗೆ ಹೇಳದಿರುವುದು ಆ ಮನುಷ್ಯನ ಹೆದರಿಕೆಗಲ್ಲ, ನಮ್ಮ ಹೆದರಿಕೆಗೆ. ನಿನ್ನ ಅಪ್ಪಯ್ಯನ ಜೊತೆ ನಾನು ಮಾತಾಡಿದ್ದೇನೆ. ಮೊದಲು ಕೂಗಾಡಿದ, ಆಮೇಲೆ ಸುಮ್ಮನಾದ. ನಿನ್ನ ಆಯಿ ಮಾತ್ರ ಒಂದೇ ಮಾತಂದಳು: ‘ಅವಳು ಹಾಡುವುದನ್ನು ನಿಲ್ಲಿಸುವುದು ಬೇಡ, ಅವನು ಬರೆಯುವುದನ್ನು ನಿಲ್ಲಿಸಲಿ.’ ಸಿದ್ದಾಪುರದ ಕಡೆಯ ಹೆಂಗಸರಿಗೆ ನಮಗಿಂತ ಬುದ್ಧಿ ಜಾಸ್ತಿ, ನಾನು ಯಾವಾಗಲೂ ಹೇಳುತ್ತೇನೆ.

ಕರಾರಿಗೆ ನಾನು ಸೇರಿಸಿ ಬರೆದದ್ದನ್ನು ಬೇರೆ ಹಾಳೆಯಲ್ಲಿ ಇಟ್ಟಿದ್ದೇನೆ. ಹಕ್ಕು ಮೂರು ವರ್ಷಕ್ಕೆ ಪರವಾನಗಿ, ಶಾಶ್ವತ ವರ್ಗಾವಣೆಯಲ್ಲ. ಆರು ತಿಂಗಳಿಗೊಮ್ಮೆ ಲೆಕ್ಕ. ನಿನ್ನ ಒಪ್ಪಿಗೆಯಿಲ್ಲದ ಖರ್ಚು ನಿನ್ನ ಲೆಕ್ಕಕ್ಕಿಲ್ಲ. ವ್ಯಾಜ್ಯವಾದರೆ ಮುಂಬಯಿಯಲ್ಲಲ್ಲ, ಬೆಂಗಳೂರಿನಲ್ಲಿ. ಹೊರ ಊರಿನ ಕಾರ್ಯಕ್ರಮಕ್ಕೆ ಪ್ರತ್ಯೇಕ ಕೋಣೆ, ಜೊತೆಗೆ ಒಬ್ಬರನ್ನು ಕರೆತರುವ ಸ್ವಾತಂತ್ರ್ಯ. ರಾತ್ರಿ ಒಂಬತ್ತರ ಮೇಲೆ ರೆಕಾರ್ಡಿಂಗ್ ಇದ್ದರೆ ಸ್ಟುಡಿಯೊದಲ್ಲಿ ಮೂರನೆಯವರು ಇರಲೇಬೇಕು. ಸ್ಟುಡಿಯೊಗಳ ಗೋಡೆ ದಪ್ಪ, ಒಳಗಿನದ್ದು ಹೊರಗೆ ಕೇಳಬಾರದೆಂದೇ ಕಟ್ಟಿದ್ದು. ಅದನ್ನು ಮರೆಯಬೇಡ.

ಎಲ್ಲಕ್ಕಿಂತ ಮುಖ್ಯ ಕೊನೆಯ ಸಾಲು. ಕಂಪನಿಯ ಯಾವ ಪ್ರತಿನಿಧಿಯಿಂದಲಾದರೂ ಕಿರುಕುಳವಾಗಿ ನೀನು ಲಿಖಿತ ದೂರು ಕೊಟ್ಟರೆ, 30 ದಿನದ ನೋಟಿಸಿನ ಮೇಲೆ ಕರಾರಿನಿಂದ ಹೊರಬರಬಹುದು, ಮುಂಗಡ ವಾಪಸು ಕೇಳುವಂತಿಲ್ಲ, ಹಾಡುಗಳು ನಿನ್ನ ಜೊತೆ ಬರುತ್ತವೆ. ಹನ್ನೊಂದನೇ ಕಲಮು ಪೂರ್ತಿ ಹೋಗಬೇಕು. ಉಳಿದದ್ದರಲ್ಲಿ ಅವರು ಚೌಕಾಶಿ ಮಾಡಲಿ, ನೀನೂ ಸ್ವಲ್ಪ ಬಿಟ್ಟುಕೊಡು. ರಾಯಲ್ಟಿಯಲ್ಲಿ ಎರಡು ಕಡಿಮೆಯಾದರೆ ಆಕಾಶ ಬೀಳುವುದಿಲ್ಲ. ಈ ಎರಡರಲ್ಲಿ ಮಾತ್ರ ಬಗ್ಗಬೇಡ. ಇದಕ್ಕೆ ಅವರು ಒಪ್ಪದಿದ್ದರೆ ಆ ಕಂಪನಿ ನಿನಗೆ ಬೇಡ. ಅವರು ನಿನ್ನ ದನಿಗೆ ಬಂದದ್ದು, ದನಿ ಅವರ ಕಾಗದದಿಂದ ಬಂದದ್ದಲ್ಲ.

‘ಈ ವಾರ ಸಹಿ ಹಾಕದಿದ್ದರೆ ಬೇರೆ ಹುಡುಗಿಯನ್ನು ನೋಡುತ್ತೇವೆ’ ಎಂದಿದ್ದಾರಂತೆ. ನೋಡಲಿ. ಅವಸರ ಮಾಡಿಸುವವನ ಕಾಗದದಲ್ಲಿ ಅವಸರದಲ್ಲಿ ಓದಬಾರದ ಸಾಲು ಇದ್ದೇ ಇರುತ್ತದೆ.

ದೊಡ್ಡಾಯಿ ಚಟ್ನಿಪುಡಿ, ಹಲಸಿನ ಹಪ್ಪಳ ಕಟ್ಟಿಟ್ಟಿದ್ದಾಳೆ, ಮುಂದಿನ ವಾರ ಬೆಂಗಳೂರಿಗೆ ಹೋಗುವವರ ಕೈಯಲ್ಲಿ ಕಳಿಸುತ್ತಾಳೆ. ತಿದ್ದಿದ ಕರಾರು ಅದರ ಜೊತೆಗೇ ಬರುತ್ತದೆ. ಸೋಮವಾರ ರಾತ್ರಿ ಎಂಟರ ಮೇಲೆ ಫೋನು ಮಾಡು, ಅಷ್ಟು ಹೊತ್ತಿಗೆ ಇಲ್ಲಿ ಕರೆಂಟೂ ಬಂದಿರುತ್ತದೆ, ನೆಟ್‌ವರ್ಕೂ ಸಿಗುತ್ತದೆ. ಒಂದೊಂದೇ ಕಲಮು ಓದಿ ಹೇಳುತ್ತೇನೆ, ನೀನು ಬರೆದುಕೋ. ಅಲ್ಲಿಯ ತನಕ ಯಾರು ಏನೇ ಹೇಳಿದರೂ ಸಹಿ ಹಾಕಬೇಡ.

ಇಂತಿ ನಿನ್ನ
ದೊಡ್ಡಪ್ಪ